ಬಟ್ಟೆ ಗೋಡೆಯೋ, ಗಟ್ಟಿ ಗೋಡೆಯೋ

ಬಹರೇನಿನಲ್ಲಿ ಚಳಿ ಶುರುವಾದರೆ ಇಲ್ಲಿನ ಕುಟುಂಬಗಳು ಮರುಭೂಮಿಗೆ ಹೋಗಿ ಡೇರೆ ಹಾಕುತ್ತವೆ. ನಾವು ಮಂಗಳೂರಿನವರು ಅದನ್ನು ಕಾರಿನಲ್ಲಿ ಕೂತು ನೋಡಿ ಬರುತ್ತಿದ್ದೆವು, ಅಷ್ಟೇ. ನನ್ನ ಗಂಡನಿಗೆ ಅಲ್ಲಿ ಮಲಗುವ ಆಸೆ. ಪೇಟೆ ನಡುವಿನ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನ ಎಸಿಯಲ್ಲಿ ಅರ್ಧ ಆಯುಸ್ಸು ಕಳೆದವರಿಗೆ ಗಾಳಿಯ ಹುಚ್ಚು. ಮುಂದಿನ ವರ್ಷ ನೋಡುವ ಎನ್ನುತ್ತಲೇ ಇದ್ದೆವು. ಅಷ್ಟರಲ್ಲಿ ಅವರ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿತು. ಒಂದು ಚಳಿಗಾಲ ಸಿಗಬಹುದು, ಅದರಾಚೆ ಹೇಳಲಾಗದು ಎಂದರು ಡಾಕ್ಟರು. ಧೂಳಿನಿಂದ ದೂರ ಇರಿ ಎಂದೂ ಹೇಳಿದರು.

ಹಾಗಾಗಿ ಟ್ರೇಲರ್ ನೋಡಲು ಹೊರಟೆವು, ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ. ಅದರಲ್ಲಿ ಎರಡು ಬಗೆ. ಒಂದು ಹೈಬ್ರಿಡ್: ನಡುವೆ ಗಟ್ಟಿ ಡಬ್ಬ, ಎರಡು ತುದಿಯ ಮಂಚಗಳನ್ನು ಹೊರಗೆಳೆದರೆ ಅವುಗಳ ಸುತ್ತ ಕ್ಯಾನ್ವಾಸ್. ಇನ್ನೊಂದಕ್ಕೆ ನಾಲ್ಕೂ ಕಡೆ ಗಟ್ಟಿ ಗೋಡೆ. ಅವರದು ಬಟ್ಟೆಯದ್ದೇ ಹಠ. ಧೂಳಿನ ಭಯಕ್ಕೆ ನನ್ನದು ಗಟ್ಟಿಯದ್ದು. ಮಾತು ಬಿಟ್ಟು, ಮುಖ ಊದಿಸಿಕೊಂಡು, ಕೊನೆಗೆ ನಾನೇ ಸೋತೆ. ಇರುವಷ್ಟು ದಿನ ಗಾಳಿಯಲ್ಲಿ ಮಲಗಲಿ ಪುಣ್ಯಾತ್ಮ ಎಂದುಕೊಂಡೆ.

ಟ್ರೇಲರ್ ಮಾರುವ ಯಾರ್ಡಿನಲ್ಲಿ ಅವರು ಕ್ಯಾನ್ವಾಸನ್ನು ತಿಕ್ಕಿ, ಮೂಸಿ ನೋಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದರು. ಮಾರುವವನು ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಊರಿನಲ್ಲಿ ಯಾವ ಮಳೆಗಾಲ? ಕರಾವಳಿಯವರ ಬುದ್ಧಿ, ಎಲ್ಲಿಗೆ ಹೋದರೂ ಜೂನ್ ತಿಂಗಳಿಗೇ ತಯಾರಿ. ನಾನೂ ನಕ್ಕೆ. ನಕ್ಕು ಬಹಳ ದಿನಗಳಾಗಿದ್ದವು.

ಆಮೇಲೆ ಅವನು ಮಂಚ ಎಳೆದು ತೋರಿಸಿದ. ಒಬ್ಬರು ಒಳಗಿನಿಂದ ಕಂಬಿ ಎತ್ತಬೇಕು, ಇನ್ನೊಬ್ಬರು ಹೊರಗೆ ಹಿಡಿದಿರಬೇಕು, ಒಂಟಿಯಾಗಿ ಮಾಡುವ ಕೆಲಸವಲ್ಲ ಎಂದ. ನನ್ನ ಗಂಡ ಕ್ಯಾನ್ವಾಸಿನಿಂದ ಕೈ ತೆಗೆದರು. ಸೀದಾ ಗಟ್ಟಿ ಗೋಡೆಯದ್ದರ ಹತ್ತಿರ ನಡೆದು, ನನ್ನನ್ನು ಒಳಗೆ ಹತ್ತಿಸಿ, ಹೊರಗಿನಿಂದ ಬಾಗಿಲು ಮುಚ್ಚಿದರು.

“ಚಿಲಕ ಹಾಕು ಮಾರಾಯ್ತಿ. ಸಲೀಸಾಗಿ ಬೀಳ್ತದಾ?”

ಹಾಕಿದೆ. ಅವರು ಹೊರಗಿನಿಂದ ಜಗ್ಗಿದರು, ಕೆಮ್ಮಿದರು, ಮತ್ತೆ ಜಗ್ಗಿ ನೋಡಿದರು.

“ಹಾಂ, ಇದೇ ಆಗ್ಲಿ. ಇದಾದ್ರೆ ನೀನು ಒಬ್ಳೇ ಇದ್ರೂ ಹೆದರ್ಲಿಕ್ಕಿಲ್ಲ.”

ಬಾಗಿಲು ತೆಗೆದು ರೇಗಿದೆ. “ನಾನು ಒಬ್ಳೇ ಮಲಗುವ ಮನೆ ತೋರಿಸ್ಲಿಕ್ಕೆ ಕರ್ಕೊಂಡು ಬಂದದ್ದಾ ನೀವು?”

“ನಾನಿರುವಾಗ್ಲೇ ನೋಡಿ ಇಡ್ಬೇಕಲ್ಲ,” ಎಂದರು ಅವರು, ನೆಲ ನೋಡುತ್ತಾ.

ಮಾರುವವನ ಎದುರೇ ಗೊಳೋ ಎಂದು ಅತ್ತೆ. ನಾಚಿಕೆಯಾಗಲಿಲ್ಲ. ಇವರಿಲ್ಲದೆ ನನಗೆ ಮರುಭೂಮಿಯಲ್ಲಿ ಏನು ಕೆಲಸ?

ಈ ಸಲ ನನ್ನ ಹಠಕ್ಕೆ ಬಟ್ಟೆಯದ್ದನ್ನೇ ಕೊಂಡೆವು. ನಮಗೆ ಸಿಕ್ಕಿದ್ದು ಕೆಲವೇ ಶುಕ್ರವಾರಗಳು, ಇಲ್ಲಿನ ವಾರದ ರಜೆ. ಕ್ಯಾನ್ವಾಸ್ ಪಟಪಟ ಬಡಿಯುತ್ತಿತ್ತು, ಹಾಸಿಗೆಯ ಮೇಲೆಲ್ಲ ಧೂಳು, ಅವರು ಕೆಮ್ಮುತ್ತಲೇ ನಗುತ್ತಿದ್ದರು. ಕಿಟಕಿ ಮುಚ್ಚಲಾ ಎಂದು ಪ್ರತಿ ಸಲವೂ ಕೇಳುತ್ತಿದ್ದೆ. ಬೇಡ ಎನ್ನುತ್ತಿದ್ದರು. ನಾನು ಮುಚ್ಚಲಿಲ್ಲ.