ಚೊಗರು ಬಳಿದ ರಾಷ್ಟ್ರೀಯ ಸ್ಮಾರಕ

ಅಕ್ಟೋಬರ್ ಆರರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಸರ್ವಮಂಗಳಮ್ಮ ನ್ಯಾಮತಿಯಲ್ಲಿ ಏಣಿ ಹತ್ತಿ ನಿಂತು, ಮಹಾತ್ಮ ಗಾಂಧೀಜಿಯ ಮೂಗಿನ ಮೇಲಿದ್ದ ಕನ್ನಡಕವನ್ನು ಇಕ್ಕಳದಿಂದ ಕೀಳುತ್ತಿದ್ದರು. ಏಣಿ ಹಿಡಿದಿದ್ದವಳು ಅವರ ಕಣದಲ್ಲಿ ಅಡಿಕೆ ಬೇಯಿಸುವ ದುರ್ಗಾಂಬಿಕಾ. ಸುತ್ತ ಒಂದಷ್ಟು ಜನ ಚಹಾದ ಲೋಟ ಹಿಡಿದು ನೋಡುತ್ತಿದ್ದರು. ರಾಷ್ಟ್ರಪಿತನ ಕನ್ನಡಕ ಕಿತ್ತರೆ ಯಾವ ಕೇಸು ಬೀಳುತ್ತದೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಅಹಿಂಸೆಯನ್ನು ಪಾಲಿಸಿದರು.

ಸರ್ವಮಂಗಳಮ್ಮ ಅಲ್ಲಿಯವರೆಗೆ ಹೇಗೆ ಹತ್ತಿದರೆಂದು ತಿಳಿಯಬೇಕಾದರೆ ಸ್ಮಾರಕದ ಚರಿತ್ರೆಯನ್ನು ಹೇಳಬೇಕು. ಚರಿತ್ರೆ ಚಿಕ್ಕದು, ಅದರ ಫಲಕಗಳು ದೊಡ್ಡವು.

ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಊರಿನ ಗಣ್ಯರನ್ನು ಒಂದು ಕೊರತೆ ಕಾಡತೊಡಗಿತು. ಹೊನ್ನಾಳಿಗೆ ತುಂಗಭದ್ರೆಯಿದೆ. ಚನ್ನಗಿರಿಗೆ ಸೂಳೆಕೆರೆಯಿದೆ. ಜಗಳೂರಿಗೂ ಕೊಂಡುಕುರಿಗಳ ಕಾಡಿದೆ. ನಿಮ್ಮಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಬಸ್ಸಿದೆ ಎನ್ನಬೇಕಿತ್ತು, ಅದೂ ಶಿವಮೊಗ್ಗಕ್ಕೆ ಹೋಗಿಬಿಡುವ ಬಸ್ಸು. ಹೀಗಾಗಿ ಹಳೆಯ ಧ್ವಜಕಟ್ಟೆಯ ಜಾಗದಲ್ಲಿ ಗಾಂಧೀಜಿಯ ಸ್ಮಾರಕ ಕಟ್ಟುವುದೆಂದು ತೀರ್ಮಾನವಾಯಿತು. ಸಿಮೆಂಟು, ಕಬ್ಬಿಣದ ವ್ಯಾಪಾರ ಮಾಡುವ ಗುರುಬಸವರಾಜ್ ಸಮಿತಿಯ ಅಧ್ಯಕ್ಷರಾದರು. ಸ್ಮಾರಕದಲ್ಲಿ ಪ್ರತಿಮೆಗಿಂತ ಕಟ್ಟೆಯೇ ಎತ್ತರವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಗಾಂಧೀಜಿ ಈ ಜಾಗದಲ್ಲಿ ಕಾರು ನಿಲ್ಲಿಸಿ ನೀರು ಕುಡಿದಿದ್ದರೆಂದು ಸಮಿತಿಯ ಕರಪತ್ರ ಹೇಳಿತು. ಯಾವ ವರ್ಷ ಎಂಬುದನ್ನು ಹೇಳಲಿಲ್ಲ. ಇನ್ನು ‘ರಾಷ್ಟ್ರೀಯ’ ಎಂಬ ಪದವನ್ನು ಯಾವ ಸರ್ಕಾರವೂ ಕೊಟ್ಟದ್ದಲ್ಲ. ಬೋರ್ಡಿನ ಎಡಗಡೆ ಜಾಗ ಖಾಲಿ ಉಳಿದಿತ್ತು, ಬೋರ್ಡು ಬರೆಯುವವನು ತುಂಬಿಸಿದ.

ಪ್ರತಿಮೆ ಕಂಚಿನದೆಂದು ಕರಪತ್ರದಲ್ಲಿತ್ತು, ಶಿಲಾನ್ಯಾಸದ ಕಲ್ಲಿನ ಮೇಲೂ ಇತ್ತು. ಸೆಪ್ಟೆಂಬರ್ ಕೊನೆಗೆ ಲಾರಿಯಿಂದ ಇಳಿದದ್ದು ಮಾತ್ರ ಸಿಮೆಂಟಿನದು. ಕಂಚು ದಾರಿಯಲ್ಲಿ ಎಲ್ಲಿ ಸಿಮೆಂಟಾಯಿತು ಎಂಬುದು ಅಧ್ಯಕ್ಷರಿಗೆ ಗೊತ್ತಿರಬಹುದು. ಪ್ರತಿಮೆ ಮಾಡಿದವನದು ಗುಡಿಗಳಿಗೆ ವೀರಭದ್ರನನ್ನು ಮಾಡಿ ಪಳಗಿದ ಕೈ. ಹಾಗಾಗಿ ಗಾಂಧೀಜಿಗೆ ಅಗಲವಾದ ಕಣ್ಣು, ತುಂಬಿದ ಕೆನ್ನೆ, ಒಂದು ಸುತ್ತು ಹೆಚ್ಚಾದ ಎದೆ ಬಂದಿದ್ದವು. ಗುರುಬಸವರಾಜ್ ತಮ್ಮ ಅಂಗಡಿಯ ಕಬ್ಬಿಣದ ಸರಳನ್ನು ಬಗ್ಗಿಸಿ, ಬೆಸುಗೆ ಹಾಕಿಸಿ, ದುಂಡನೆಯ ಕನ್ನಡಕವೊಂದನ್ನು ಕೂರಿಸಿದ ಮೇಲೆಯೇ ಪ್ರತಿಮೆ ಯಾರದೆಂದು ಗೊತ್ತಾದದ್ದು.

ಉಳಿದದ್ದು ಬಣ್ಣ. ಬಣ್ಣ ಎಂದರೆ ಆ ಸೀಮೆಯಲ್ಲಿ ಸರ್ವಮಂಗಳಮ್ಮ.

ಅವರು ಗಂಡ ಮಹೇಶ್ವರಪ್ಪ ತೀರಿಕೊಂಡ ಮೇಲೆ ಅಡಿಕೆ ಬೇಯಿಸುವ ಕಣವನ್ನು ತಾವೇ ನಡೆಸಿಕೊಂಡು ಬಂದವರು. ಸುಲಿದ ಹಸಿ ಅಡಿಕೆಯನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿದಾಗ ನೀರು ಕೆಂಪಾಗುತ್ತದೆ. ಅದೇ ನೀರಿನಲ್ಲಿ ಮತ್ತೆ ಮತ್ತೆ ಬೇಯಿಸಿದರೆ ಅದು ಮಂದವಾಗಿ ಚೊಗರಾಗುತ್ತದೆ. ಚೊಗರು ಒಳ್ಳೆಯದಾದರೆ ಅಡಿಕೆಗೆ ಕೆಂಪು ಹೊಳಪು ಬರುತ್ತದೆ, ಬಣ್ಣ ಬಂದರೆ ಬೆಲೆ ಬರುತ್ತದೆ. ಸರ್ವಮಂಗಳಮ್ಮನ ಚೊಗರಿಗೆ ಚನ್ನಗಿರಿ ಕಡೆಯ ಉಬ್ರಾಣಿಯವರೆಗೂ ಹೆಸರಿತ್ತು. ಆ ಹೆಸರನ್ನು ನಂಬಿ ಹೊನ್ನಾಳಿಯ ಕೊಟ್ರೇಶ್ ಪ್ರತಿ ವರ್ಷ ತಾನು ಚೇಣಿ, ಅಂದರೆ ಫಸಲಿನ ಗುತ್ತಿಗೆ, ಹಿಡಿದ ತೋಟಗಳ ಅಡಿಕೆಯನ್ನೆಲ್ಲ ಅವರಲ್ಲಿಗೇ ಕಳುಹಿಸುತ್ತಿದ್ದ. ಆ ಅಡಿಕೆಯಿಂದ ಕಣದ ಹೆಂಗಸರಿಗೆಲ್ಲ ಸುಗ್ಗಿ ಮುಗಿಯುವವರೆಗೂ ಕೆಲಸ ಸಿಗುತ್ತಿತ್ತು.

ಆ ಕಣದಲ್ಲಿ ನಿಯಮ ಒಂದೇ: ಹಂಡೆಯ ಹತ್ತಿರ ಕಬ್ಬಿಣ ಸುಳಿಯಬಾರದು. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಕಬ್ಬಿಣವನ್ನು ಕಂಡರೆ ಕಪ್ಪು ಶಾಯಿಯಾಗುತ್ತದೆ; ಹಳೆಯ ಕಾಲದವರು ಶಾಯಿ ಮಾಡಿಕೊಳ್ಳುತ್ತಿದ್ದುದೂ ಇದೇ ಗುಣದಿಂದ. ದುರ್ಗಾಂಬಿಕಾ ಒಮ್ಮೆ ಅವಸರದಲ್ಲಿ ಕಬ್ಬಿಣದ ಸಟ್ಟುಗ ಅದ್ದಿದ್ದಕ್ಕೆ ಸರ್ವಮಂಗಳಮ್ಮ ಅವಳನ್ನು ಒಂದು ವಾರ ಒಲೆಯ ಹತ್ತಿರ ಸೇರಿಸಿರಲಿಲ್ಲ.

ಅಧ್ಯಕ್ಷರು ಬಂದು ಕೈ ಮುಗಿದರು. ಡಬ್ಬಿಯ ಬಣ್ಣ ಹಚ್ಚಿದರೆ ಬೊಂಬೆಯ ಹಾಗೆ ಕಾಣುತ್ತದೆಂದೂ, ಕಂಚಿನ ಕಳೆ ಬರಬೇಕಾದರೆ ಚೊಗರೇ ಆಗಬೇಕೆಂದೂ ಹೇಳಿದರು. ಅವರು ಆಡಿದ ಮಾತುಗಳಲ್ಲಿ ಅದೊಂದು ನಿಜವಾಗಿತ್ತು. ಸರ್ವಮಂಗಳಮ್ಮನಿಗೆ ಹೆಮ್ಮೆಯೂ ಆಯಿತು. ಗಾಂಧಿ ಜಯಂತಿಯ ಹಿಂದಿನ ದಿನ ತೆಂಗಿನ ನಾರಿನ ಕುಂಚ ಹಿಡಿದು ನೆತ್ತಿಯಿಂದ ಚಪ್ಪಲಿಯವರೆಗೆ ಬಳಿದರು. ಒಣಗಿದ ಮೇಲೆ ಮತ್ತೆ ಬಳಿದರು. ಕನ್ನಡಕ ಮಾತ್ರ ಬೇರೆ ಬಣ್ಣದಲ್ಲಿ ಉಳಿಯುವುದು ಚೆನ್ನಾಗಿರುವುದಿಲ್ಲವೆಂದು ಅದಕ್ಕೂ ಧಾರಾಳವಾಗಿ ಬಳಿದರು.

ಅಕ್ಟೋಬರ್ ಎರಡರಂದು ಅನಾವರಣವಾಯಿತು. ಮುಖ್ಯ ಅತಿಥಿಗಳು ಪ್ರತಿಮೆಯನ್ನು ಬೆರಳಿನಿಂದ ತಟ್ಟಿ ನೋಡಿ, ಶಬ್ದ ಬಾರದಿರುವುದನ್ನು ಗಮನಿಸಿ, ಗಟ್ಟಿ ಕಂಚು ಎಂದು ಮೆಚ್ಚಿಕೊಂಡರು. ಸಂಜೆ ತುಂತುರು ಮಳೆ ಬಂತು. ಮರುದಿನ ಬೆಳಗಾದಾಗ ರಾಷ್ಟ್ರಪಿತನ ಎರಡೂ ಕಣ್ಣುಗಳಿಂದ ಗದ್ದದವರೆಗೆ ಕಪ್ಪು ಕಣ್ಣೀರು ಇಳಿದಿತ್ತು.

ಮಧ್ಯಾಹ್ನದೊಳಗೆ ಕಾರಣಗಳೂ ಸಿದ್ಧವಾದವು. ತಾಲ್ಲೂಕಿಗೆ ಸ್ವಂತ ಕಚೇರಿ ಕಟ್ಟಡವಿಲ್ಲವೆಂದು ಗಾಂಧೀಜಿ ಅಳುತ್ತಿದ್ದಾರೆ ಎಂದು ಸಮಿತಿಯವರು ಹೇಳಿದರು. ಸಮಿತಿಯನ್ನು ನೋಡಿ ಅಳುತ್ತಿದ್ದಾರೆ ಎಂದು ಸಮಿತಿಯಲ್ಲಿ ಜಾಗ ಸಿಗದವರು ಹೇಳಿದರು. ಹೊನ್ನಾಳಿಯವರಂತೂ, ನ್ಯಾಮತಿಯಲ್ಲಿ ನಿಲ್ಲಿಸಿದರೆ ಯಾರಾದರೂ ಅಳುತ್ತಾರೆ ಎಂದರು. ಹಣ್ಣು-ಕಾಯಿ ತಂದವರು ಕೆಲವರು, ಮೊಬೈಲು ತಂದವರು ಹಲವರು. ಒಂದು ನದಿಯೂ ಇಲ್ಲದ ಊರಿಗೆ ಕೊನೆಗೂ ನೋಡುವಂಥದ್ದೊಂದು ಬಂದಿತ್ತು.

ಆ ಫೋಟೊ ಹೊನ್ನಾಳಿಗೂ ಹೋಯಿತು. ಅಡಿಕೆಯವರು ಗಾಂಧೀಜಿಯ ಕಣ್ಣೀರನ್ನು ನೋಡಲಿಲ್ಲ, ಚೊಗರನ್ನು ನೋಡಿದರು. ನಾಲ್ಕನೆಯ ತಾರೀಖು ಕೊಟ್ರೇಶನ ಫೋನು ಬಂತು.

“ಅಕ್ಕಾರೆ, ನಿಮ್ ಚೊಗರು ಈ ಸಲ ಕಪ್ಪು ತಿರುಗೈತಂತೆ. ಮಾಲು ಉಬ್ರಾಣಿಗೆ ಕಳಿಸ್ತೀನಿ. ಬ್ಯಾಸರ ಮಾಡ್ಕಬ್ಯಾಡ್ರಿ.”

ಕೊಟ್ರೇಶ್ ಹೋದರೆ ಅವನ ಹಿಂದೆ ಉಳಿದವರೂ ಹೋಗುತ್ತಾರೆ. ಸುಗ್ಗಿಯ ನಡುವೆ ಒಲೆಗಳು ಆರುತ್ತವೆ. ಚೊಗರು ಕೆಟ್ಟಿತು ಎಂಬ ಮಾತು ಒಮ್ಮೆ ಅಂಟಿದರೆ ಮುಂದಿನ ಸುಗ್ಗಿಗೂ ಬಿಡುವುದಿಲ್ಲ. ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಸ್ಮಾರಕದ ಮುಂದೆ ಬಂದು ನಿಂತರು. ಕಪ್ಪು ಹಣೆಯಲ್ಲಿಲ್ಲ, ಎದೆಯಲ್ಲಿಲ್ಲ. ಕನ್ನಡಕ ತಾಗಿದ ಕಡೆಯಿಂದ ಮಾತ್ರ ಇಳಿದಿದೆ. ಅವರು ತಮ್ಮ ಕೈಯನ್ನು ನೋಡಿಕೊಂಡರು. ಪಕ್ಕದಲ್ಲಿದ್ದ ದುರ್ಗಾಂಬಿಕಾ ಮಾತಾಡಿದಳು.

“ಸಟ್ಟುಗ ಅದ್ದಿದ್ಕೆ ನನ್ನ ಒಂದ್ ವಾರ ಹೊರಗಿಟ್ರಿ. ನಿಮ್ಮನ್ನ ಎಷ್ಟು ದಿನ ಇಡಾಣ ಮಂಗಳಕ್ಕ?”

ಅಲ್ಲಿಂದ ಇಬ್ಬರೂ ನೇರವಾಗಿ ಗುರುಬಸವರಾಜರ ಅಂಗಡಿಗೆ ಹೋದರು. ಕಪ್ಪಾದದ್ದು ಕಬ್ಬಿಣದಿಂದ, ಕನ್ನಡಕ ತೆಗೆಸಿ ಎಲ್ಲರಿಗೂ ಹೇಳಿಬಿಡಿ ಎಂದು ಸರ್ವಮಂಗಳಮ್ಮ ಕೇಳಿದರು. ಅಧ್ಯಕ್ಷರ ಮುಖ ಇಳಿಯಿತು. ಚೊಗರು ಎಂದರೆ ಕಂಚು ಹೋಗುತ್ತದೆ, ಕಬ್ಬಿಣ ಎಂದರೆ ಕಣ್ಣೀರು ಹೋಗುತ್ತದೆ. ದಾವಣಗೆರೆಯಿಂದ ಟಿವಿಯವರು ಬರುವವರಿದ್ದಾರೆ, ಸ್ವಲ್ಪ ದಿನ ತಡೆಯಿರಿ ಎಂದು ಬೇಡಿಕೊಂಡರು. ಚಹಾ ತರಿಸಿದರು. ಸ್ಮಾರಕದ ಫಲಕದಲ್ಲಿ ಸರ್ವಮಂಗಳಮ್ಮನ ಹೆಸರನ್ನೂ ಕೆತ್ತಿಸುವುದಾಗಿ ಹೇಳಿದರು.

“ಏನಂತ ಕೆತ್ತಿಸ್ತೀರಿ? ಕಂಚಿಗೆ ಕಂಚಿನ ಬಣ್ಣ ಬಳಿದವರು ಅಂತಲಾ?”

“ಸುಮ್ಕಿರ್ರಿ ಮಂಗಳಕ್ಕ. ಇದು ದೇಶದ ವಿಷ್ಯ.”

“ದೇಶ ನಿಮ್ದು ಇಟ್ಕಳ್ರಿ. ಹಂಡೆ ನಂದು,” ಎಂದು ಸರ್ವಮಂಗಳಮ್ಮ ಎದ್ದು ಬಂದರು. ಚಹಾ ಮಾತ್ರ ದುರ್ಗಾಂಬಿಕಾ ಕುಡಿದೇ ಬಂದಳು.

ಮನೆಗೆ ಬಂದವರೇ ಕೊಟ್ರೇಶನಿಗೆ ಫೋನು ಮಾಡಿ, ಮಾಲನ್ನು ಬೇಕಾದಲ್ಲಿಗೆ ಕಳುಹಿಸಲಿ, ಅದಕ್ಕೆ ಮೊದಲು ಒಂದು ಬೆಳಿಗ್ಗೆ ಬಂದು ಕಣ್ಣಾರೆ ನೋಡಿ ಹೋಗಲಿ ಎಂದರು. ಅವನು ಆರನೆಯ ತಾರೀಖು ಮೊದಲ ಬಸ್ಸಿಗೆ ಬಂದಿಳಿದ. ಏಣಿಯೂ ಬಂತು.

ಕನ್ನಡಕ ಕಿತ್ತು ಬಂದಾಗ ಜನರಲ್ಲಿ ಒಬ್ಬರು ‘ಶಿವಶಿವಾ’ ಎಂದರು. ಸರ್ವಮಂಗಳಮ್ಮ ಕೆಳಗಿಳಿದು, ಹಂಡೆಯಿಂದ ತಾಮ್ರದ ಚೊಂಬಿನಲ್ಲಿ ತಂದಿದ್ದ ಚೊಗರನ್ನು ಎಲ್ಲರಿಗೂ ಕಾಣುವಂತೆ ಕಟ್ಟೆಯ ಮೆಟ್ಟಿಲ ಮೇಲಿಟ್ಟರು. ಮೊದಲು ಬಿಳಿ ಬಟ್ಟೆಯ ಚೂರೊಂದನ್ನು ಅದ್ದಿ ತೆಗೆದರು. ಅದು ಕೆಂಪಗೆ ಬಂತು. ಆಮೇಲೆ ಕನ್ನಡಕವನ್ನು ಚೊಂಬಿನೊಳಗೆ ಬಿಟ್ಟು ಇಕ್ಕಳದಿಂದ ತಿರುಗಿಸುತ್ತ ಕೂತರು. ನೋಡುವವರ ಚಹಾ ಮುಗಿದ ಮೇಲೆ ಬಟ್ಟೆಯ ಇನ್ನೊಂದು ಚೂರನ್ನು ಅದ್ದಿದರು. ಅದು ಕಪ್ಪಗೆ ಬಂತು.

ಕೊಟ್ರೇಶ್ ಎರಡು ಚೂರುಗಳನ್ನೂ ಬೆಳಕಿಗೆ ಹಿಡಿದು ನೋಡಿದ. “ಕಬ್ಬಿಣಕ್ಕೆ ಚೊಗರು ಬಳಿದೋರು ಯಾರ್ರಿ?” ಎಂದು ಕೇಳಿದ.

ಅಧ್ಯಕ್ಷರ ಅಂಗಡಿಯ ಸರಳು ಎಂದೋ, ದುರ್ಗಾಂಬಿಕಾ ಬಳಿದಳು ಎಂದೋ ಹೇಳಬಹುದಿತ್ತು. ದುರ್ಗಾಂಬಿಕಾ ಅದಕ್ಕೆ ಸಿದ್ಧಳಾಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತೂ ಇದ್ದಳು.

“ನಾನೇ. ಎಲ್ರಿಗೂ ಬುದ್ಧಿ ಹೇಳಾಕೆ ಹೋಗಿ ನಾನೇ ಬಳಿದೆ,” ಎಂದರು ಸರ್ವಮಂಗಳಮ್ಮ. “ಕೆಟ್ಟಿದ್ದು ನನ್ ಕೈ. ಚೊಗರು ಕೆಟ್ಟಿಲ್ಲ.”

ಕೊಟ್ರೇಶ್ ಕೆಂಪು ಚೂರನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಅಲ್ಲಿಂದಲೇ ಫೋನು ಹಚ್ಚಿ, ಉಬ್ರಾಣಿಗೆ ಹೊರಟಿದ್ದ ಮಾಲನ್ನು ತಿರುಗಿಸಿದ. ಕಣದ ಒಲೆ ಆರಲಿಲ್ಲ.

ಇಷ್ಟಾದರೂ ಕಂಚಿನ ಮಾತನ್ನು ಯಾರೂ ಎತ್ತಲಿಲ್ಲ. ಫಲಕದಲ್ಲಿ ಅದು ಇಂದಿಗೂ ಕಂಚೇ. ಹಿಂದಿನ ದಿನ ಕಾಯಿ ಒಡೆದವರು, ತಮಗೆ ಮೊದಲೇ ಅನುಮಾನವಿತ್ತು ಎಂದರು. ಮುಂದೆ ಸರ್ವಮಂಗಳಮ್ಮ ಮೂಲೆಯಲ್ಲಿ ಬಿದ್ದಿದ್ದ ಒಡಕು ಹಂಡೆಯ ಅಂಚಿನಿಂದ ತಾಮ್ರದ ಕನ್ನಡಕವೊಂದನ್ನು ಮಾಡಿಸಿ ತಾವೇ ತೊಡಿಸಿದರು. ತಾಮ್ರ ಕೆಲವು ಮಳೆಗಾಲ ಕಂಡ ಮೇಲೆ ಹಸಿರಾಗುತ್ತದೆ. ಆ ಹಸಿರಿಗೆ ಅರ್ಥ ಹುಡುಕುವ ಹೊಣೆ ಮುಂದಿನ ಸಮಿತಿಯದು.

ಆದರೆ ಆ ಬೆಳಿಗ್ಗೆ ಗಾಂಧೀಜಿಯ ಮುಖದ ಮೇಲೆ ಯಾವ ಕನ್ನಡಕವೂ ಇರಲಿಲ್ಲ. ಸುದ್ದಿ ಕೇಳಿ ಓಡಿ ಬಂದ ಗುರುಬಸವರಾಜ್ ತಲೆಯೆತ್ತಿ ನೋಡಿದರು. ಪಂಚೆ ಉಟ್ಟು, ಕೋಲು ಹಿಡಿದು, ವೀರಭದ್ರನೇ ಕಣ್ಣರಳಿಸಿ ನಿಂತಿದ್ದ. ಟಿವಿಯವರು ಹನ್ನೊಂದಕ್ಕೆ ಬರುವವರಿದ್ದರು.

“ಏನ್ ಮಾಡಿದ್ರಿ ಮಂಗಳಕ್ಕ. ಹಿಂಗಿದ್ರೆ ಗಾಂಧೀಜಿ ಅಂತ ಯಾರು ಒಪ್ತಾರೆ? ನೀವೇ ಹೇಳ್ರಿ, ಎಷ್ಟು ಕಾಣ್ತಾರೆ ಅವರ ಹಂಗೆ?”

ಸರ್ವಮಂಗಳಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಬೆಂದ ಅಡಿಕೆಯ ರಾಶಿಯನ್ನು ನೋಡುವ ಹಾಗೆ ತಲೆ ವಾರೆ ಮಾಡಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಮುಲಾಜಿಲ್ಲದೆ ನೋಡಿದರು.

“ಪಾಸಾಗ್ತಾರೆ ಬಿಡ್ರಿ,” ಎಂದರು. “ನೂರಕ್ಕೆ ಮೂವತ್ತೈದು.”