ಎಳೆಗೂಸುಗಳ ಸೀಟು ಬಿಗಿಯುವ ಕೆಂಪರಾಜು

ಬೆಳಗ್ಗೆ ಆರೂವರೆ. ಜಯನಗರದ ಅಡ್ಡರಸ್ತೆಯಲ್ಲಿ ಹಾಲಿನವರನ್ನು ಬಿಟ್ಟರೆ ಯಾರ ಓಡಾಟವೂ ಇಲ್ಲ. ಹೊಂಗೆಮರದ ಕೆಳಗೆ ನಿಂತ ಬಿಳಿ ಕಾರಿನ ಹಿಂಬಾಗಿಲಿನಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಕೆಂಪರಾಜು ಅವರ ಉಳಿದ ಮೈಯೆಲ್ಲ ಕಾರಿನೊಳಗಿದೆ.

ಹಿಂದಿನ ಸೀಟಿನ ಮೇಲೆ ಎಳೆಗೂಸಿನ ಪುಟ್ಟ ಸೀಟೊಂದನ್ನು ಇಟ್ಟು, ಅದನ್ನು ಅಂಗೈಯಲ್ಲಿ ಅದುಮಿ ಹಿಡಿದು, ಇನ್ನೊಂದು ಕೈಯಲ್ಲಿ ಕಾರಿನ ಬೆಲ್ಟು ಎಳೆಯುತ್ತಿದ್ದಾರೆ. ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಈ ಸೀಟನ್ನು ತಿರುಗಿಸಿ ಕೂರಿಸಬೇಕು. ಬೆಲ್ಟಿನ ಒಂದು ಭಾಗ ಮಗುವಿನ ತೊಡೆಯ ಹತ್ತಿರದ ಕೊಕ್ಕೆಗಳ ಅಡಿಯಲ್ಲಿ ಹಾಯುತ್ತದೆ, ಇನ್ನೊಂದು ಸೀಟಿನ ಬೆನ್ನನ್ನು ಸುತ್ತಿ ಬರುತ್ತದೆ. ಎಲ್ಲೋ ಬೆಲ್ಟು ತಿರುಚಿಕೊಂಡಿದೆ. ಕೆಂಪರಾಜು ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಕಾರಿನ ಮಾಲೀಕ ಶಶಿಕಾಂತ್ ಕಾಫಿ ಹಿಡಿದು ನಿಂತಿದ್ದಾರೆ. ಅವರ ಹೆಂಡತಿ, ಮಗು ಇವತ್ತು ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಶಶಿಕಾಂತ್ ಅವರ ತಾಯಿ ಸಿದ್ದಗಂಗಮ್ಮನವರಿಗೆ ಈ ಏರ್ಪಾಡು ಹಿಡಿಸಿಲ್ಲ. "ಅಷ್ಟು ಚಿಕ್ಕ ಕೂಸನ್ನ ಅದ್ರೊಳಗೆ ಕಟ್ಟಿಹಾಕ್ತೀಯೇನಪ್ಪ? ನನ್ ತೊಡೆ ಇಲ್ವಾ?"

"ನೀವು ಪಕ್ಕದಲ್ಲೇ ಕೂತ್ಕೊಳ್ಳಿ ಅಜ್ಜಿ. ಮಗು ಮುಖ ನಿಮ್ಗೆ ಕಾಣ್ತಾನೇ ಇರುತ್ತೆ," ಎನ್ನುತ್ತಾರೆ ಕೆಂಪರಾಜು. ಸೀಟನ್ನು ಬೆಲ್ಟು ಹಾದ ಜಾಗದಲ್ಲಿ ಹಿಡಿದು ಜಗ್ಗಿ ನೋಡುತ್ತಾರೆ. ಅದು ಅಲ್ಲಾಡುವುದಿಲ್ಲ.

ಕುಮಾರಸ್ವಾಮಿ ಲೇಔಟ್‌ನ ಕಾರ್ ಆಕ್ಸೆಸರೀಸ್ ಅಂಗಡಿಯೊಂದರಲ್ಲಿ ಕೆಂಪರಾಜು ಕೆಲಸಕ್ಕಿದ್ದಾರೆ. ಸೀಟ್ ಕವರ್, ಮ್ಯಾಟ್, ಸ್ಟೀರಿಯೊ ಅವರ ದಿನನಿತ್ಯದ ಕೆಲಸ. ಮಕ್ಕಳ ಸೀಟಿನ ಕೆಲಸ ವಾರಕ್ಕೆ ಎರಡೋ ಮೂರೋ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿಕೊಂಡವರು ಕೂರಿಸಲು ಬಾರದೆ ಫೋನ್ ಮಾಡುತ್ತಾರೆ. ಸೀಟಿನ ಜೊತೆ ಬರುವ ಚಿತ್ರಗಳನ್ನು ನೋಡಿಕೊಂಡೇ ಅವರು ಕಲಿತದ್ದು.

ಹಿಂದುಮುಂದಾಗಿ ಏಕೆ ಕೂರಿಸಬೇಕು ಎಂದು ನಾನು ಕೇಳಿದರೆ ಅವರ ಉತ್ತರ ಇಷ್ಟೇ: "ಕಾರು ಗಕ್ಕಂತ ನಿಂತ್ರೆ ನಮ್ ತಲೆ ಮುಂದಕ್ಕೆ ಹೋಗುತ್ತಲ್ಲ ಸಾರ್, ಕೂಸಿಗೆ ಕತ್ತು ನಿಂತಿರಲ್ಲ. ಹಿಂಗೆ ಕೂರಿಸಿದ್ರೆ ತಲೆ, ಬೆನ್ನು ಎಲ್ಲಾ ಸೀಟಿಗೇ ಆತ್ಕೊಳುತ್ತೆ."

ಬಿಗಿದ ಸೀಟಿನಲ್ಲಿ ಮಗು ಕೂರುತ್ತದೆಂಬ ಭರವಸೆ ಅವರಿಗಿಲ್ಲ. ಮಗು ಒಂದು ಸಲ ಅತ್ತರೆ ಸಾಕು, ಯಾರಾದರೂ ಎತ್ತಿ ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ. ಕಳೆದ ತಿಂಗಳು ಬನಶಂಕರಿ ಸಿಗ್ನಲ್ಲಿನಲ್ಲಿ ತಾವೇ ಸೀಟು ಕೂರಿಸಿದ್ದ ಕಾರೊಂದನ್ನು ಕಂಡರು. ಸೀಟಿನಲ್ಲಿ ತರಕಾರಿ ಬ್ಯಾಗುಗಳಿದ್ದವು. ಮಗು ಮುಂದುಗಡೆ ಅಮ್ಮನ ಮಡಿಲಲ್ಲಿತ್ತು. "ಗ್ಲಾಸು ತಟ್ಟೋಣ ಅನ್ನಿಸ್ತು. ಅಷ್ಟರಲ್ಲಿ ಸಿಗ್ನಲ್ ಬಿಡ್ತು."

ಅವರಿಗೂ ಮಗಳಿದ್ದಳು. ಮೈತ್ರಿ. ಎಂಟು ತಿಂಗಳಿನವಳು.

ಎರಡು ವರ್ಷದ ಹಿಂದೆ ಒಂದು ಸಂಜೆ ಮಗುವಿಗೆ ಜ್ವರ ಬಂತು. ಕೆಂಪರಾಜು ಸ್ಕೂಟರ್ ತೆಗೆದರು. ಹೆಂಡತಿ ಹೇಮಶ್ರೀ ಮಗುವನ್ನು ಶಾಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಹಿಂದೆ ಕೂತರು. ರಿಂಗ್ ರೋಡಿನ ಪಕ್ಕ ಪೈಪಿಗೆಂದು ಅಗೆದು ಬಿಟ್ಟಿದ್ದ ಜಾಗದಲ್ಲಿ ಅವರು ನಿಧಾನ ಮಾಡಿದರು. ಹಿಂದಿನಿಂದ ಬಂದ ಕಾರು ಸ್ಕೂಟರನ್ನು ಸವರಿ ಉರುಳಿಸಿ ಹೋಯಿತು, ನಿಲ್ಲಲಿಲ್ಲ. ಹೇಮಶ್ರೀಯವರ ತೋಳು ಮುರಿಯಿತು. ಮೈತ್ರಿಯ ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಮಗು ಮತ್ತೆ ಕಣ್ಣು ಬಿಡಲಿಲ್ಲ. ಕಾರಿನ ನಂಬರು ಯಾರೂ ನೋಡಿರಲಿಲ್ಲವಾದ್ದರಿಂದ ದೂರು ಅಲ್ಲಿಗೇ ನಿಂತಿತು.

"ನಮ್ಮಂಥೋರಿಗೆ ಕಾರೆಲ್ಲಿಂದ ಬರ್ಬೇಕು? ಸ್ಕೂಟರ್‌ಗೆ ಇಂಥಾ ಸೀಟು ಇಲ್ವಲ್ಲ," ಎನ್ನುತ್ತಾರೆ.

ಕೆಲಸಕ್ಕೆ ಮರಳಿದ ದಿನ ಅಂಗಡಿ ಮಾಲೀಕ ಸೋಮನಾಥ್ ಮಕ್ಕಳ ಸೀಟಿನ ಕೆಲಸವನ್ನು ಕೆಂಪರಾಜುಗೆ ಕೊಡಲು ಹಿಂಜರಿದರಂತೆ. "ನೀನು ಬೇಡ ಗುರು, ಬೇರೆಯವ್ರು ಮಾಡ್ತಾರೆ" ಎಂದರಂತೆ. ಬೇರೆಯವರು ಕೂರಿಸಿದ ಸೀಟನ್ನು ಕೆಂಪರಾಜು ಮುಟ್ಟಿ ನೋಡಿದರು. ಸಡಿಲವಾಗಿತ್ತು. ಬಿಚ್ಚಿ ತಾವೇ ಕಟ್ಟಿದರು. ಅವತ್ತಿನಿಂದ ಆ ಕೆಲಸ ಯಾರಿಗೂ ಬಿಟ್ಟಿಲ್ಲ.

ಈ ಸಂಗತಿಯನ್ನು ಅವರು ಗಿರಾಕಿಗಳಿಗೆ ಹೇಳುವುದಿಲ್ಲ. ಹೇಳಿದರೆ ಸೀಟು ಖಾಲಿ ಬಿಡಲಾರರೇನೋ ಎಂದೆ. "ಬಾಣಂತಿ ಮನೆ ಸಾರ್. ಅಂಥಾ ಮಾತು ಆಡ್ಬಾರ್ದು," ಎಂದುಬಿಟ್ಟರು.

ಹೇಮಶ್ರೀಗೆ ಈಗ ಮತ್ತೆ ಏಳು ತಿಂಗಳು. ಅಂಗಡಿಯ ಮೇಲುಗಡೆಯ ರಸ್ತೆಯಲ್ಲಿರುವ ಅವರ ಒಂದು ಕೋಣೆಯ ಮನೆಯಲ್ಲಿ ಸೀರೆಗಳಿಗೆ ಫಾಲ್ ಹೊಲಿಯುತ್ತಾ ಕೂತಿರುತ್ತಾರೆ. ಆ ಸಂಜೆಯ ಮೇಲೆ ಸ್ಕೂಟರ್ ಹತ್ತಿಲ್ಲ. ಹೆರಿಗೆಯಾಗಿ ಮನೆಗೆ ಬರುವ ದಿನಕ್ಕೆಂದು ಕೆಂಪರಾಜು ಏನೇನೋ ಯೋಚಿಸಿದ್ದರು. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ಸೀಟೊಂದನ್ನು ಗೆಳೆಯನ ಆಟೊದಲ್ಲಿ ಇಟ್ಟು ನೋಡಿದರು. ಹಿಂದೆ ಬೆಲ್ಟೇ ಇಲ್ಲದ ಆಟೊದಲ್ಲಿ ಅದನ್ನು ಯಾವುದಕ್ಕೆ ಕಟ್ಟುವುದು? ಕ್ಯಾಬಿನಲ್ಲಾದರೆ ತಾವೇ ಬಿಗಿದುಕೊಡುವುದಾಗಿ ಹೆಂಡತಿಗೆ ಹೇಳಿದರು.

ಆಗ ಸೂಜಿಯಿಂದ ಕಣ್ಣೆತ್ತದೆ ಕೊಟ್ಟ ಉತ್ತರವನ್ನು, ನಾನು ಅವರ ಮನೆಗೆ ಹೋದಾಗ, ಹೇಮಶ್ರೀ ನನ್ನೆದುರೇ ಇನ್ನೊಮ್ಮೆ ಹೇಳಿದರು: "ನೀವು ಬಿಗಿಯಾಗಿ ಕಟ್ತೀರ, ಗೊತ್ತು. ನಾನೂ ಬಿಗಿಯಾಗೇ ಹಿಡ್ಕೊಂಡಿದ್ದೆ."

ಕೆಂಪರಾಜು ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದರು.

"ನಾನು ಕೂಸು ಎತ್ಕೊಂಡು ಯಾವ್ ಗಾಡೀಲೂ ಕೂರಲ್ಲ ಸಾರ್," ಎಂದು ಹೇಮಶ್ರೀ ನನ್ನ ಕಡೆ ತಿರುಗಿದರು. "ನಡ್ಕೊಂಡೇ ಬರ್ತೀನಿ."

ಹಾಗಾಗಿ ಕೆಂಪರಾಜು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಹುಡುಕಿದ್ದಾರೆ. ಬಾಣಂತಿ ಅಷ್ಟು ದೂರ ನಡೆಯಬಹುದೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದ್ದಾರೆ. ನಾರ್ಮಲ್ ಆದರೆ ನಿಧಾನವಾಗಿ ನಡೆಯಬಹುದು, ಆಪರೇಷನ್ ಆದರೆ ಆಗದು ಎಂದಿದ್ದಾರೆ ಡಾಕ್ಟರು. ಆಪರೇಷನ್ ಆದರೆ ಏನು ಮಾಡುವುದೆಂದು ಗಂಡ ಹೆಂಡತಿ ಇನ್ನೂ ಮಾತಾಡಿಲ್ಲ.

ಕೆಲಸ ಮುಗಿಸಿದ ಮೇಲೆ ಕೆಂಪರಾಜು ನನ್ನನ್ನು ಆ ಆಸ್ಪತ್ರೆಯ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಫುಟ್‌ಪಾತಿನ ಚಪ್ಪಡಿಗಳು ಮೂರು ಕಡೆ ಕುಸಿದಿವೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಅಡ್ಡ ಬಂದಿದೆ. ಅಲ್ಲೆಲ್ಲ ರಸ್ತೆಗೆ ಇಳಿದೇ ಹೋಗಬೇಕು. ಬಸ್ಸುಗಳು ಮೈಗೆ ತಾಗುವಷ್ಟು ಹತ್ತಿರ ಹಾದುಹೋಗುತ್ತವೆ. ಚಪ್ಪಡಿ ಹಾಕಿಸಿ ಎಂದು ವಾರ್ಡ್ ಆಫೀಸಿಗೆ ಹೋಗಿ ಕೇಳಿ ಬಂದಿದ್ದಾರೆ, ಒಮ್ಮೆಯಲ್ಲ.

"ಹೆರಿಗೆ ಹೊತ್ತಿಗೆ ಆ ಮೂರು ಗುಂಡಿ ಮುಚ್ಚಿದ್ರೆ ಸಾಕು ಸಾರ್, ಬೇರೇನೂ ಬೇಡ," ಎನ್ನುತ್ತಾರೆ. ಮುಚ್ಚದಿದ್ದರೆ ಎಂದು ಕೇಳುತ್ತೇನೆ.

ಕೆಂಪರಾಜು ರಸ್ತೆ ನೋಡುತ್ತಾರೆ. "ಗಾಡಿ ಬರೋ ಕಡೆ ನಾನಿರ್ತೀನಿ."