ಚೆನ್ನಾಗಿದ್ದಾಗಲೂ ಎಳೆಯಬೇಕಾದ ಪಂಪು

ಅಮ್ಮನಿಗೆ ಕಣ್ಣಿನ ಆಪರೇಷನ್ ಆಯಿತೆಂದು ಹೊಣಕೆರೆಯ ತವರಿನಲ್ಲಿ ಒಂದು ವಾರ ಇದ್ದೆ. ಹೊರಡುವಾಗ ಮಗಳ ಉಬ್ಬಸದ ಪಂಪನ್ನು ಗಂಡನ ಕೈಗೇ ಕೊಟ್ಟು, "ಬೆಳಿಗ್ಗೆ ಸಾಯಂಕಾಲ ತಪ್ಪಿಸ್ಬ್ಯಾಡಿ. ಎಳ್ದಾದ್ಮೇಲೆ ಬಾಯಿ ಮುಕ್ಕಳಿಸ್ಲಿ" ಎಂದಿದ್ದೆ.

"ಆಯ್ತು ಬುಡು, ನಂಗೊತ್ತಿಲ್ವಾ" ಎಂದಿದ್ದರು.

ಮಗಳು ಆಗ ನಾಲ್ಕನೇ ಕ್ಲಾಸು. ಪ್ರತಿ ವರ್ಷ ದೀಪಾವಳಿ ಕಳೆದು ಚಳಿ ಹಿಡಿದು, ನಮ್ಮ ಪಾಂಡವಪುರದ ಸುತ್ತ ಕಬ್ಬು ಕಡಿದ ಗದ್ದೆಗಳಲ್ಲಿ ತರಗಿಗೆ ಬೆಂಕಿ ಇಟ್ಟರೆ ಸಾಕು, ಅವಳ ಎದೆ ಸುಂಯ್‌ಗುಡುತ್ತಿತ್ತು. ಆ ಸಲ ಡಾಕ್ಟರು ಚಳಿಗೆ ಮೊದಲೇ ಈ ಪಂಪು ಬರೆದುಕೊಟ್ಟು ಎಚ್ಚರಿಸಿದ್ದರು. "ಇದು ಉಬ್ಬಸ ಬಂದ ಮೇಲೆ ಕೊಡೋ ಔಷಧಿ ಅಲ್ಲಮ್ಮ, ಬರದ ಹಾಗೆ ತಡೆಯೋದು. ಮಗು ಚೆನ್ನಾಗಿದೆ ಅಂತ ನೀವೇ ನಿಲ್ಲಿಸಬೇಡಿ." ನಾನು ನಿಲ್ಲಿಸಿರಲಿಲ್ಲ. ಚಳಿಗಾಲದ ನಡುವೆಯೂ ಅವಳು ಶಾಲೆಯಲ್ಲಿ ಖೋಖೋ ಆಡಿ ಬರುತ್ತಿದ್ದಳು.

ತವರಿನಿಂದ ಮರಳಿ ಬಂದರೆ, ಶಾಲೆಯಲ್ಲಿರಬೇಕಾದ ಮಗಳು ನಡುಮನೆಯಲ್ಲಿ ಮಂಡಿಗೆ ಕೈಯೂರಿ ಕೂತಿದ್ದಳು. ಉಸಿರೆಳೆದಾಗಲೆಲ್ಲ ಕತ್ತಿನ ಗುಳಿ ಒಳಕ್ಕೆ ಹೋಗುತ್ತಿತ್ತು. ಅತ್ತೆ ಅವಳ ಎದೆಗೆ ಎಣ್ಣೆ ತಿಕ್ಕುತ್ತಿದ್ದರು.

"ಪಂಪೆಲ್ಲಿ ಅತ್ತೆ?"

"ಅಟ್ಟದ ಮ್ಯಾಲೆ ಮಡ್ಗಿವ್ನಿ. ಚೆನ್ನಾಗೇ ಇದ್ಲಲ್ಲವ್ವ. ನಂಟ್ರು ಬಂದಿದ್ರು. ಹೆಣ್ಮಗ ಅವ್ರ ಮುಂದೆ ಅದ್ನ ಬಾಯ್ಗಿಟ್ಕಂಡು ಕೂತ್ರೆ ನಾಳೆ ಯಾರ್ ಮದ್ವೆ ಮಾಡ್ಕಂಡಾರು?"

ಉಬ್ಬಸ ಬಂದಾಗ ಕೊಡುವ ಇನ್ನೊಂದು ಪಂಪೂ ಅದರ ಜೊತೆಗೇ ಅಟ್ಟ ಸೇರಿತ್ತು. ಕುರ್ಚಿ ಹತ್ತಿ ಇಳಿಸಿ, ಅದನ್ನು ಎಳೆಸುತ್ತಲೇ ಮಗಳನ್ನು ಆಟೋಗೆ ಹತ್ತಿಸಿದೆ. ದಾರಿಯಲ್ಲಿ ಅವಳು ಒಂದೊಂದು ಮಾತಿಗೂ ಉಸಿರು ಹುಡುಕುತ್ತಾ ಕೇಳಿದಳು: "ಅಮ್ಮ... ನಂಗೆ... ಮದ್ವೆ ಆಗಲ್ವಾ?"

ಒಂಬತ್ತು ವರ್ಷದ ಮಗು! ನನಗೆ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಸಂಜೆಯ ಹೊತ್ತಿಗೆ ಉಸಿರು ಸಡಿಲವಾಯಿತು. ಆಗ ಬಂದ ಗಂಡ ಹೇಳಿದ ಮೊದಲ ಮಾತು, "ಅವ್ವ ಬ್ಯಾಡ ಅಂತು, ನಾನೇನ್ ಮಾಡ್ಲಿ?"

"ಅವ್ವ ಡಾಕ್ಟ್ರ ತಾವ ಬಂದಿರ್ಲಿಲ್ಲ, ಅವ್ರು ಹೇಳಿದ್ದು ಕೇಳಿಲ್ಲ. ನೀವು ನನ್ ಪಕ್ದಲ್ಲೇ ಕೂತು ಕೇಳುದ್ರಲ್ಲ! ಮಗೀನ ಉಸ್ರಿಗಿಂತ ನಂಟ್ರ ಬಾಯಿ ದೊಡ್ದಾಯ್ತಾ ನಿಮ್ಗೆ?"

ವಾರ್ಡಿನವರೆಲ್ಲ ತಿರುಗಿ ನೋಡಿದರು. "ಮೆಲ್ಲಗೆ ಮಾತಾಡು" ಎಂದರು ಗಂಡ. ನಾನು ಇನ್ನೂ ಜೋರಾಗಿಯೇ ಮಾತಾಡಿದೆ.

ಮನೆಗೆ ಬಂದ ಮೇಲೆ ಮಗಳನ್ನು ಜಗಲಿಯ ಮೇಲೆ, ಬೀದಿಗೆ ಕಾಣುವಂತೆ ಕೂರಿಸಿಯೇ ಪಂಪು ಎಳೆಸತೊಡಗಿದೆ. ಡೇರಿಗೆ ಹಾಲು ಹಾಕಲು ಹೋಗುವವರು ನಿಂತು ಕೇಳಿದರೆ ಅವಳೇ ಹೇಳುತ್ತಿದ್ದಳು, "ಉಬ್ಬಸ ಬರ್ದಂಗೆ." ಮುಂದಿನ ಸುಗ್ಗಿಯನ್ನು ಅವಳು ಆಸ್ಪತ್ರೆ ಕಾಣದೆ ದಾಟಿದಳು.

ಅತ್ತೆ ಒಂದು ದಿನ ಅವರೆಕಾಯಿ ಬಿಡಿಸುತ್ತಾ, "ತಪ್ಪಾಯ್ತು ಕಣವ್ವ, ನಂಗ್ ಗೊತ್ತಾಗ್ನಿಲ್ಲ" ಎಂದರು. ಅವರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಎಲ್ಲ ಗೊತ್ತಿದ್ದ ಗಂಡ ಮಾತ್ರ ಅಂಥ ಒಂದು ಮಾತನ್ನು ಇವತ್ತಿನವರೆಗೂ ಆಡಿಲ್ಲ. ನಾನೂ ಮರೆತಿಲ್ಲ.